ಔಟ್ ಆದ ಮೇಲೆ ಕೇಳುವ ಪ್ರಶ್ನೆ: ನಮ್ಮ ಹುಡುಗಿಯರ ಖೋ ಖೋ ತಂಡ ಕಟ್ಟಿದ ಅನುಭವ

ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಪಿ.ಟಿ. ಟೀಚರ್ ಹುದ್ದೆ ನಮ್ಮಲ್ಲಿ ಖಾಲಿ ಇತ್ತು. ಆಟದ ಪೀರಿಯಡ್ ಬಂದರೆ ಹುಡುಗರು ಬ್ಯಾಟು ಬಾಲು ಹಿಡಿದು ಇಡೀ ಮೈದಾನ ತುಂಬಿಕೊಳ್ಳುತ್ತಿದ್ದರು, ಹುಡುಗಿಯರು ಹೊಂಗೆ ಮರದ ಕೆಳಗೆ ಕೂತು ಒಬ್ಬರ ಜಡೆ ಒಬ್ಬರು ಹೆಣೆಯುತ್ತಿದ್ದರು. ಯಾರೂ ಅವರನ್ನು ಆಡಬೇಡಿ ಅಂದಿರಲಿಲ್ಲ. ಆಡಿ ಅಂತಲೂ ಯಾರೂ ಅಂದಿರಲಿಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ, 11ರಿಂದ 17 ವರ್ಷದ ಶಾಲಾ ಮಕ್ಕಳ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆಯಷ್ಟೂ ಮೈ ಬೆವರದ ಹುಡುಗರು ಶೇ. 78, ಹುಡುಗಿಯರು ಶೇ. 85. ಎರಡೂ ಕೆಟ್ಟದ್ದೇ. ಆದರೆ ನಮ್ಮ ಊರುಗಳಲ್ಲಿ ಹುಡುಗಿಯರು ಆಟ ಬಿಡುವ ಹೊತ್ತು ಯಾವುದು ಅಂತ ನೋಡಿ. ಏಳನೇ ಕ್ಲಾಸಿನ ತನಕ ಬೀದಿಯಲ್ಲಿ ಓಡಾಡಿದವಳು ಎಂಟಕ್ಕೆ ಬರುವಷ್ಟರಲ್ಲಿ ಭುಜ ಬಗ್ಗಿಸಿಕೊಂಡು, ಪುಸ್ತಕ ಎದೆಗೆ ಒತ್ತಿಕೊಂಡು ನಡೆಯುತ್ತಾಳೆ. ಬೋರ್ಡಿನ ಹತ್ತಿರ ಬಾ ಅಂದರೆ ತಲೆ ತಗ್ಗಿಸುತ್ತಾಳೆ. ಲೆಕ್ಕ ಗೊತ್ತಿರುತ್ತದೆ, ಪಕ್ಕದವಳ ಕಿವಿಯಲ್ಲಿ ಉತ್ತರ ಹೇಳಿರುತ್ತಾಳೆ. ತಪ್ಪಾದರೆ ಎಲ್ಲರೂ ನೋಡಿಬಿಡುತ್ತಾರಲ್ಲ ಅನ್ನೋದೇ ಭಯ. ನನಗೆ ನಿಜವಾಗಿ ಬೇಕಾಗಿದ್ದು ಆ ಭಯ ಕಡಿಮೆ ಮಾಡುವ ಏನಾದರೂ ಒಂದು ದಾರಿ.

ಖೋ ಖೋ ಆರಿಸಿದ್ದಕ್ಕೆ ಮೊದಲ ಕಾರಣ ಖರ್ಚಿಲ್ಲ. ಎರಡು ಕಂಬ, ಸ್ವಲ್ಪ ಸುಣ್ಣದ ಪುಡಿ, ಸಮತಟ್ಟಾದ ನೆಲ ಇದ್ದರೆ ಸಾಕು. ನಾನೂ ಶಾಲೆಯಲ್ಲಿ ಆಡಿದ್ದೆ, ನಿಯಮ ಗೊತ್ತಿತ್ತು. ಆದರೆ ಇನ್ನೊಂದು ಕಾರಣ ಇದೆ, ಅದೇ ದೊಡ್ಡದು. ಖೋ ಖೋದಲ್ಲಿ ಓಡುವವರು ಹೆಚ್ಚುಕಮ್ಮಿ ಎಲ್ಲರೂ ಔಟ್ ಆಗುತ್ತಾರೆ. ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಓಡುವವರು ಮೂರು ಮೂರು ಜನ ಒಳಗೆ ಬರುತ್ತಾರೆ. ಓಡುವವಳು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಗ್ಗಬಹುದು, ಬೆನ್ನಟ್ಟುವವಳು ನುಗ್ಗುವ ಹಾಗಿಲ್ಲ. ಹೊರಟ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ಒಂದೋ ಕಂಬ ಸುತ್ತಬೇಕು, ಇಲ್ಲವೇ ಕೂತವಳ ಬೆನ್ನು ಮುಟ್ಟಿ ‘ಖೋ’ ಕೊಡಬೇಕು, ಆಗ ಕೂತವಳು ಎದ್ದು ಬೆನ್ನಟ್ಟುತ್ತಾಳೆ. ದೊಡ್ಡವರ ಪಂದ್ಯದಲ್ಲಿ ಒಂದು ಸರದಿ 9 ನಿಮಿಷ. ಅಷ್ಟು ಹೊತ್ತು ಒಬ್ಬಳೇ ತಪ್ಪಿಸಿಕೊಂಡು ನಿಲ್ಲುವುದು ಬಹಳ ಅಪರೂಪ. ಹಾಗಾಗಿ ‘ಔಟ್ ಆದೆಯಾ’ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತು ನಿಂತೆ ಅಂತ ಕೇಳುತ್ತಾರೆ. ತಪ್ಪಿಗೆ ಹೆದರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಹೆಡ್ ಮಾಸ್ಟರ್ ಒಪ್ಪಿದರು. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಎರಡು ನೀಲಗಿರಿ ಕಂಬ ಕೊಡಿಸಿದರು, ಆಚಾರಿಯವರು ಸಿಬಿರು ಏಳದ ಹಾಗೆ ನುಣ್ಣಗೆ ಹೆರೆದುಕೊಟ್ಟರು. 27 ಮೀಟರ್ ಉದ್ದ, 16 ಮೀಟರ್ ಅಗಲ ಅಳತೆ ಹಿಡಿದು ಗೆರೆ ಹಾಕಿದ್ದು ಒಂಬತ್ತನೇ ಕ್ಲಾಸಿನ ಹುಡುಗಿಯರೇ. ಮೂಲೆ ನೇರ ಬರಬೇಕಲ್ಲ, ಹಗ್ಗದಲ್ಲಿ 3-4-5ರ ತ್ರಿಕೋನ ಹಿಡಿಸಿದೆ. ಗಣಿತ ಟೀಚರ್ ಆಗಿ ಆ ಮಧ್ಯಾಹ್ನ ನನಗೆ ಆದ ಖುಷಿ ಹೇಳತೀರದು.

ಅನುಮತಿ ಚೀಟಿ ಮನೆಗೆ ಹೋದ ಮೇಲೆ ಶುರುವಾಯಿತು ನಿಜವಾದ ಕೆಲಸ. ಒಬ್ಬ ಹುಡುಗಿಯ ತಾಯಿ ನೇರವಾಗಿ ಶಾಲೆಗೇ ಬಂದರು. "ಅಲ್ಲ ಕಣ್ ಮೇಡಮ್ನೋರೇ, ಬಿಸ್ಲಲ್ಲಿ ಕುಣ್ದು ಕುಣ್ದು ಮಗ ಕರ್ರಗಾಯ್ತದೆ. ಕೈಕಾಲು ಮುರ್ಕಂಡ್ರೆ ನಾಳೆ ಯಾರ್ ಮದ್ವೆ ಆದಾರು?" ಅಂದರು. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವರು ಕಂಡ ಲೋಕದಲ್ಲಿ ಹೆಣ್ಣಿಗೆ ಬೀಳುವ ಪೆಟ್ಟು ಅಂದರೆ ಇದೇ. ನಾನು ವಾದ ಮಾಡಲಿಲ್ಲ. ಸಂಜೆ ನಾಲ್ಕೂವರೆ ಮೇಲೆ, ಬಿಸಿಲು ಇಳಿದ ಹೊತ್ತಲ್ಲಿ ಆಡಿಸುತ್ತೇನೆ, ಕತ್ತಲಾಗುವ ಮುಂಚೆ ಗುಂಪಾಗಿ ಮನೆಗೆ ಕಳಿಸುತ್ತೇನೆ, ನೀವೂ ಬಂದು ಕೂತು ನೋಡಿ ಅಂದೆ. ಬಂದರು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತು ನೋಡಿದರು. ಅವರ ಅತ್ತೆಯೂ ಜೊತೆಗಿದ್ದರು. ಆ ಅಜ್ಜಿಯೇ ಕೊನೆಗೆ, "ಆಡ್ಲಿ ಬುಡಿ ಮೇಡಮ್ನೋರೇ, ನಾವಂತೂ ಆಡ್ನಿಲ್ಲ" ಅಂದುಬಿಟ್ಟರು. ಮನೆಯಲ್ಲಿ ಅಜ್ಜಿ ಮಾತಿಗೆ ಬೆಲೆ ಜಾಸ್ತಿ. ಅಲ್ಲಿಂದ ಮುಂದೆ ನಾನು ಯಾವ ಮನೆಗೆ ಹೋದರೂ ಮೊದಲು ಅಜ್ಜಿಯ ಹತ್ತಿರ ಕೂರುತ್ತೇನೆ.

ಬಟ್ಟೆಯದ್ದೂ ಒಂದು ಮಾತು. ಚೂಡಿದಾರದ ವೇಲು ಪಿನ್ ಹಾಕಿಕೊಂಡು ಖೋ ಖೋ ಆಡಲು ಆಗುವುದಿಲ್ಲ, ಕೂತು ಏಳುವಾಗ ಕಾಲಿಗೆ ಸಿಗುತ್ತದೆ. ಚಡ್ಡಿ ಅಂದರೆ ಮನೆಯವರು ಒಪ್ಪುವುದಿಲ್ಲ, ಹುಡುಗಿಯರಿಗೂ ಮುಜುಗರ. ಟ್ರ್ಯಾಕ್ ಪ್ಯಾಂಟ್, ಸಡಿಲ ಟೀ ಶರ್ಟ್ ಅಂತ ತೀರ್ಮಾನ ಮಾಡಿದ್ದು ಅವರೇ. ನಾನು ಬರೀ ಕಾಸು ಹೊಂದಿಸಿದೆ. ಏನು ಹಾಕಬೇಕು ಅಂತ ಅವರೇ ಕೂತು ಮಾತಾಡಿ ನಿರ್ಧಾರ ಮಾಡಿದರಲ್ಲ, ಅದು ಆಟ ಶುರುವಾಗುವ ಮುಂಚೆಯೇ ಆದ ಒಂದು ದೊಡ್ಡ ಕೆಲಸ.

ಓಡುವುದು, ಕೂರುವುದು, ಏಳುವುದು ಕಷ್ಟ ಆಗಬಹುದು ಅಂತ ಅಂದುಕೊಂಡಿದ್ದೆ. ಕಷ್ಟ ಆಗಿದ್ದು ಕೂಗುವುದು.

ಬೆನ್ನು ಮುಟ್ಟಬೇಕು, ಅದರ ಜೊತೆಗೇ ‘ಖೋ’ ಅಂತ ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ಆ ಖೋ ನಡೆಯುವುದಿಲ್ಲ. ನಮ್ಮ ಹುಡುಗಿಯರು ಮುಟ್ಟುತ್ತಿದ್ದರು, ಬಾಯಿ ಅಲ್ಲಾಡುತ್ತಿತ್ತು, ಸದ್ದೇ ಬರುತ್ತಿರಲಿಲ್ಲ. ಯಾಕೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಮನೆಯಲ್ಲಿ ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡು, ಹಲ್ಲು ಬಿಡಬೇಡ, ಗಂಡಸರು ಕೂತಿದ್ದಾರೆ ಒಳಗೆ ಹೋಗು ಅಂತ ಕೇಳಿಸಿಕೊಂಡು ಬೆಳೆದ ಗಂಟಲು ಅದು. ಊರಿನ ಬಯಲಲ್ಲಿ, ರಸ್ತೆಯಲ್ಲಿ ಹೋಗುವವರು ನೋಡುವಾಗ, ಒಂದೇ ಸಲಕ್ಕೆ ಕೂಗು ಅಂದರೆ ಹೇಗೆ ಬರುತ್ತದೆ?

ಹಾಗಾಗಿ ಆಟ ಬಿಟ್ಟು ಕೂಗುವುದನ್ನೇ ಅಭ್ಯಾಸ ಮಾಡಿಸಿದೆ. ಮೊದಲು ಕ್ಲಾಸ್ ರೂಮಿನ ಬಾಗಿಲು ಹಾಕಿ, ಎಲ್ಲರೂ ಒಟ್ಟಿಗೆ. ಆಮೇಲೆ ಇಬ್ಬರಿಬ್ಬರು, ಮೈದಾನದ ಆ ತುದಿಗೆ ಒಬ್ಬಳು ಈ ತುದಿಗೆ ಒಬ್ಬಳು. ಆ ಕಡೆಯವಳಿಗೆ ಕೇಳಿಸಿದರೆ ಕೈ ಎತ್ತಬೇಕು, ಇಲ್ಲ ಅಂದರೆ ಇನ್ನೊಂದು ಸಲ. ನಗು ಬರುತ್ತಿತ್ತು, ನಾಚಿಕೆ ಆಗುತ್ತಿತ್ತು, ಬೇಲಿಯ ಆಚೆ ಹುಡುಗರು ಅಣಕಿಸಿದರು. ಆ ಹುಡುಗರನ್ನು ಕರೆದು ಗೆರೆಯ ಪಕ್ಕ ನಿಲ್ಲಿಸಿ ಫೌಲ್ ನೋಡುವ ಕೆಲಸ ಕೊಟ್ಟೆ. ಖೋ ಕೇಳಿಸಿತಾ ಇಲ್ಲವಾ ಅಂತ ಹೇಳುವುದು ಅವರ ಕೆಲಸ. ಅಣಕಿಸುವುದು ನಿಂತಿತು. ಎಂಟನೇ ಕ್ಲಾಸಿನ ಒಬ್ಬಳು, ಹಾಜರಿ ಕೂಗಿದಾಗ "ಎಸ್ ಮಿಸ್" ಅನ್ನುವುದೂ ನನಗೆ ಕೇಳಿಸುತ್ತಿರಲಿಲ್ಲ, ಒಂದು ಸಂಜೆ ಅವಳು ಕೊಟ್ಟ ಖೋಗೆ ಕಾಂಪೌಂಡಿನ ಆಚೆ ಕಟ್ಟಿದ್ದ ಹಸು ಬೆಚ್ಚಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ನೋಡಬೇಕಿತ್ತು ನೀವು.

ಬಿ.ಎಡ್. ಓದುವಾಗ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರ ಬಗ್ಗೆ ಪಾಠ ಇತ್ತು. ನನ್ನಿಂದ ಇದು ಆಗುತ್ತದೆ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಅವರು 1977ರಲ್ಲಿ ನಾಲ್ಕು ಮೂಲ ಹೇಳಿದ್ದರು. ತಾನೇ ಮಾಡಿ ಸಾಧಿಸಿದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಬೇರೆಯವರು ಹುರಿದುಂಬಿಸುವುದು, ಮತ್ತು ಆ ಹೊತ್ತಿನಲ್ಲಿ ಮೈ ಮನಸ್ಸು ಹೇಗಿದೆ ಅನ್ನುವುದು. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಪರೀಕ್ಷೆಗೆ ಉರು ಹೊಡೆದು ಬರೆದಿದ್ದೆ. ಮೈದಾನದಲ್ಲಿ ನಿಂತಾಗ ಒಂದೊಂದೂ ಕಣ್ಣಿಗೆ ಕಂಡಿತು. ನಾವು ಶಾಲೆಗಳಲ್ಲಿ ಮಾಡುವುದು ಜಾಸ್ತಿ ಮೂರನೆಯದನ್ನೇ, ಅಲ್ವಾ? ಯಾರನ್ನೋ ಕರೆಸಿ ಭಾಷಣ ಮಾಡಿಸುತ್ತೇವೆ. ನೀನು ಧೈರ್ಯವಂತೆ, ಒನಕೆ ಓಬವ್ವನ ನಾಡಿನವಳು ಅನ್ನುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟಿ ಮರುದಿನ ಅದೇ ಹಳೇ ಜಾಗದಲ್ಲಿ ಕೂರುತ್ತಾರೆ.

ಡೈವ್, ಅಂದರೆ ಓಡುವವಳನ್ನು ಮುಟ್ಟಲು ಮುಂದಕ್ಕೆ ಹಾರಿ ಬೀಳುವುದನ್ನು, ಕಲಿಸುವಾಗ ನಾನು ‘ಹೆದರಬೇಡ’ ಅನ್ನುವ ಮಾತನ್ನೇ ಆಡಲಿಲ್ಲ. ನೆಲಕ್ಕೆ ಹಾರಿ ಬೀಳುವುದಕ್ಕೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಆಗಬೇಕು ಕೂಡ. ಅದರ ಬದಲು ಬೀಳುವುದನ್ನೇ ಸಣ್ಣ ಸಣ್ಣ ತುಂಡು ಮಾಡಿದೆವು. ಮರಳು ಹರಡಿ, ಮೇಲೆ ರಾಗಿ ಹುಲ್ಲು ಹಾಸಿದೆವು. ಮೊದಲು ಮಂಡಿ ಊರಿ ಕೂತು ಮುಂದಕ್ಕೆ ಜಾರುವುದು. ಗದ್ದ ಮೇಲೆ, ಎದೆ ಮತ್ತು ಹೊಟ್ಟೆ ನೆಲಕ್ಕೆ, ಮೊಣಕೈ ಊರಬಾರದು. ಆಮೇಲೆ ಕುಕ್ಕರುಗಾಲಲ್ಲಿ ಕೂತು. ಆಮೇಲೆ ನಿಂತು. ಓಡಿ ಬಂದು ಹಾರುವುದು ಎಷ್ಟೋ ವಾರಗಳ ನಂತರ. ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು ಅಂತ ಹುಡುಗಿಯೇ ಹೇಳಬೇಕು, ನಾನಲ್ಲ. ಒಬ್ಬಳು ಬಹಳ ದಿನ ಮಂಡಿ ಊರಿಯೇ ಜಾರುತ್ತಿದ್ದಳು. ಉಳಿದವರೆಲ್ಲ ಓಡಿ ಹಾರುತ್ತಿದ್ದರೂ ನಾನು ಸುಮ್ನೆ ಇದ್ದೆ. ಒಂದು ದಿನ ಯಾರಿಗೂ ಹೇಳದೆ ದೂರದಿಂದ ಓಡಿ ಬಂದು ಹಾರಿದಳು. ಹೊಟ್ಟೆ ಕೆಂಪಗೆ ಉಜ್ಜಿತ್ತು. "ಮಿಸ್, ಇನ್ನೊಂದ್ ಸಲ" ಅಂದಳು.

ಇಷ್ಟರ ನಡುವೆ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಒಂದಿಬ್ಬರು ಸ್ವಲ್ಪ ಓಡಿದರೆ ಸಾಕು, ತಲೆ ಸುತ್ತುತ್ತದೆ ಅಂತ ಕೂರುತ್ತಿದ್ದರು. ಸೋಮಾರಿಗಳು, ಧೈರ್ಯ ಸಾಲದು ಅಂತ ಉಳಿದ ಮಕ್ಕಳು ಆಡಿಕೊಳ್ಳುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ತುಂಬಾ ಕಡಿಮೆ. ಇದರಲ್ಲಿ ಆಶ್ಚರ್ಯವೇನಿಲ್ಲ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59.1 ಜನರಿಗೆ ರಕ್ತಹೀನತೆ ಕಂಡುಬಂದಿತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟೋ ಮಕ್ಕಳು ಕಿಟಕಿಯಿಂದ ಆಚೆ ಎಸೆಯುತ್ತಾರೆ, ಹೊಟ್ಟೆ ತೊಳಸುತ್ತದೆ ಅಂತ. ಬಿಸಿಯೂಟ ಆದ ಮೇಲೆ, ಹೊಟ್ಟೆ ತುಂಬಿದಾಗ, ನನ್ನೆದುರೇ ತಿನ್ನುವ ಹಾಗೆ ಮಾಡಿದೆ. ಮಾತ್ರೆ ತಿಂದ ತಕ್ಷಣ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು ನೆಲ್ಲಿಕಾಯಿ ತಿಂದರೆ ಹತ್ತುತ್ತದೆ ಅಂತ ಸಿಸ್ಟರ್ ಹೇಳಿಕೊಟ್ಟರು. ತೀರಾ ಕಡಿಮೆ ಇದ್ದವರಿಗೆ ಡಾಕ್ಟರ್ ಬೇರೆ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಅದೇ ‘ಸೋಮಾರಿ’ಗಳು ಮೈದಾನದ ಸುತ್ತ ಆರಾಮವಾಗಿ ಓಡತೊಡಗಿದರು. ಹುಡುಗಿಯರಿಗೆ ಆತ್ಮವಿಶ್ವಾಸ ಬೇಕು ಅಂತ ದೊಡ್ಡ ದೊಡ್ಡ ಮಾತಾಡುವವರೆಲ್ಲ ಮೊದಲು ಅವರ ತಟ್ಟೆಯಲ್ಲಿ ಏನಿದೆ ನೋಡಬೇಕು. ಇದನ್ನು ನಾನು ಎಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ.

ಮುಟ್ಟಿನ ದಿನಗಳ ಬಗ್ಗೆಯೂ ಬಾಯಿ ಬಿಟ್ಟು ಮಾತಾಡಿದೆವು. ಆ ದಿನ ಆಡುವುದು ಬಿಡುವುದು ಅವರವರ ಇಷ್ಟ, ಕಾರಣ ಹೇಳಬೇಕಾಗಿಲ್ಲ, ಬರೀ "ಇವತ್ತು ಟೈಮ್ ನೋಡ್ತೀನಿ ಮಿಸ್" ಅಂದರೆ ಸಾಕು. ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ. ಆಟದಿಂದ ಹೊರಗೆ ಉಳಿದ ಹಾಗೆ ಅನಿಸುವುದಿಲ್ಲ.

ಈಗ ಸ್ಟಾಪ್‌ವಾಚ್ ವಿಷಯಕ್ಕೆ ಬರುತ್ತೇನೆ. ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ ಅಂತ ನನ್ನ ಅನಿಸಿಕೆ. ಪ್ರತಿ ಹುಡುಗಿಗೂ ಒಂದು ನೋಟ್‌ಬುಕ್. ಓಡುವ ಸರದಿಯಲ್ಲಿ ಎಷ್ಟು ಸೆಕೆಂಡ್ ನಿಂತೆ ಅಂತ ತಾನೇ ಬರೆಯಬೇಕು. ಬೇರೆಯವರ ಪುಸ್ತಕ ನೋಡುವ ಹಾಗಿಲ್ಲ. ಔಟ್ ಆಗಿ ಬಂದವಳಿಗೆ ನಾನು ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ಸಿಕ್ಕಿದೆ?"

ಶುರುವಿನಲ್ಲಿ ಬರುತ್ತಿದ್ದ ಉತ್ತರ, "ನಂಗೆ ಬರಲ್ಲ ಮಿಸ್." ಇಲ್ಲವೇ ಅಳು. ನಾನು ಸಮಾಧಾನವನ್ನೂ ಮಾಡುತ್ತಿರಲಿಲ್ಲ, ಪರವಾಗಿಲ್ಲ ಬಿಡು ಅಂತಲೂ ಅನ್ನುತ್ತಿರಲಿಲ್ಲ. ನೀರು ಕುಡಿದು ಬಾ, ಆಮೇಲೆ ಹೇಳು, ಎಲ್ಲಿ ಸಿಕ್ಕಿದೆ ಅಂತ ಮತ್ತೆ ಅದನ್ನೇ ಕೇಳುತ್ತಿದ್ದೆ. ಸುಮಾರು ದಿನ ಹೀಗೇ ನಡೆಯಿತು. ನಿಧಾನವಾಗಿ ಉತ್ತರ ಬದಲಾಯಿತು. "ಕಂಬದ ಹತ್ರ ಸಿಕ್ಕಿದೆ ಮಿಸ್." ಇನ್ನೂ ಕೆಲವು ದಿನಕ್ಕೆ, "ಕಂಬದ ಹತ್ರ ಅವ್ಳು ಖೋ ಕೊಡ್ತಾಳೆ ಅಂದ್ಕೊಂಡು ಬೇಗ ಒಳಗೆ ನುಗ್ಗಿಬಿಟ್ಟೆ, ಅವ್ಳು ಕೊಡ್ಲಿಲ್ಲ." ಈ ಮೂರನೆಯ ಉತ್ತರ ಬಂದಾಗ ನನಗೆ ಗೊತ್ತಾಗುತ್ತಿತ್ತು, ಈ ಹುಡುಗಿಗೆ ಇನ್ನು ಭಯ ಇಲ್ಲ ಅಂತ. ತಾನು ಸರಿಯಿಲ್ಲ ಅಂದುಕೊಂಡವಳು ಏನು ಮಾಡಲು ಸಾಧ್ಯ? ಬೇಗ ನುಗ್ಗಿದೆ ಅಂತ ಗೊತ್ತಾದವಳು ನಾಳೆ ಅರೆಕ್ಷಣ ತಡೆದು ನೋಡುತ್ತಾಳೆ. ಹತ್ತು ಸೆಕೆಂಡೂ ನಿಲ್ಲದವರು ನಿಮಿಷ ದಾಟಿದರು.

ಇದೇ ಪ್ರಶ್ನೆ ನನ್ನ ಗಣಿತದ ಕ್ಲಾಸಿಗೂ ಬಂತು, ತಂದವರು ಮಕ್ಕಳೇ. ವರ್ಗ ಸಮೀಕರಣ ಮಾಡುವಾಗ ಒಬ್ಬಳ ಉತ್ತರ ತಪ್ಪಾಯಿತು, ಪಕ್ಕದವಳು "ಲೇ, ಎಲ್ಲಿ ಸಿಕ್ಕಿದೆ ನೋಡ್ಕೊಳೇ" ಅಂದಳು. ಇಬ್ಬರೂ ಸಾಲು ಸಾಲಾಗಿ ಹುಡುಕಿ ಮೈನಸ್ ಚಿಹ್ನೆ ಬಿಟ್ಟಿದ್ದನ್ನು ಹಿಡಿದರು. ಈಗ ಬೋರ್ಡಿನ ಹತ್ತಿರ ಬರಲು ಕೈ ಎತ್ತುವವರಲ್ಲಿ ಹುಡುಗಿಯರು ಕಮ್ಮಿ ಇಲ್ಲ.

ಮೊದಲ ವರ್ಷ ಹೋಬಳಿ ಮಟ್ಟದ ಪಂದ್ಯದಲ್ಲಿ ಮೊದಲ ಆಟದಲ್ಲೇ ಸೋತೆವು. ಎದುರಿನವರು ಚೆನ್ನಾಗಿ ಆಡಿದರು, ನಮ್ಮವರು ಅಷ್ಟು ಜನರನ್ನು ನೋಡಿ ಕಂಗಾಲಾದರು. ಟೆಂಪೋದಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಕ್ಯಾಪ್ಟನ್ ಹುಡುಗಿ ನೋಟ್‌ಬುಕ್ ತೆಗೆದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳತೊಡಗಿದಳು, ಯಾರು ಎಲ್ಲಿ ಸಿಕ್ಕರು ಅಂತ. ಅದರಲ್ಲಿ ಅರ್ಧಕ್ಕರ್ಧ ಜನ ಕಂಬದ ಬಳಿಯೇ ಸಿಕ್ಕಿದ್ದರು. ಮರುದಿನದಿಂದ ಕಂಬದ ಅಭ್ಯಾಸ ಶುರು. ಮುಂದಿನ ವರ್ಷ ಹೋಬಳಿ ಗೆದ್ದು ತಾಲ್ಲೂಕಿಗೆ ಹೋದೆವು, ಅಲ್ಲಿ ಸೋತೆವು. ಎರಡನೇ ಸೋಲಿನ ದಿನ ಟೆಂಪೋದಲ್ಲಿ ಹಾಡು ಹೇಳಿಕೊಂಡು ಬಂದರು.

ಅದೇ ಶಾಲಾ ವರ್ಷದಲ್ಲಿ, 2025ರ ಜನವರಿ 19ರಂದು, ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್ ನಡೆಯಿತು. ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಯಾರು ಗೊತ್ತಾ? ನಮ್ಮ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರ. ಅವರ ಜೊತೆ ಓಡಿದ ಗುಂಪು ಕೊನೆಯ ಸರದಿಯಲ್ಲಿ ಐದು ನಿಮಿಷಕ್ಕೂ ಜಾಸ್ತಿ ಸಿಕ್ಕಲೇ ಇಲ್ಲ. ಮರುದಿನ ಶಾಲೆಯಲ್ಲಿ ಒಂದೇ ಫೋನಿನ ಸುತ್ತ ಇಡೀ ತಂಡ. ಕುರುಬೂರು ಇವರಿಗೆ ಗೊತ್ತಿರುವ ಊರು, ಬಸ್ಸಿನ ಬೋರ್ಡಿನಲ್ಲಿ ಓದಿದ ಹೆಸರು. ಬಂಡೂರ ಹೇಳಿದ ಎರಡನೆಯ ಮೂಲ ಇದೇ, ತನ್ನಂಥವಳೊಬ್ಬಳು ಮಾಡಿದ್ದನ್ನು ಕಾಣುವುದು. ಯಾವ ಸಿನಿಮಾ ನಟಿಯೂ ಆ ಕೆಲಸ ಮಾಡಲು ಆಗುತ್ತಿರಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ಬರೆದರೆ ಅದು ಸುಳ್ಳಾಗುತ್ತದೆ. ನಮ್ಮ ಅತ್ಯಂತ ಚುರುಕಾದ ರನ್ನರ್ ಒಂಬತ್ತನೇ ಕ್ಲಾಸಿನ ಮಧ್ಯೆ ಬರುವುದನ್ನು ನಿಲ್ಲಿಸಿದಳು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದರು, ಸಂಜೆ ತಮ್ಮನನ್ನು ನೋಡಿಕೊಳ್ಳುವುದು, ನೀರು ಹಿಡಿಯುವುದು, ಅಡಿಗೆ ಎಲ್ಲ ಇವಳದ್ದೇ. ಅವಳಿಗೆ ಛಲ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಎಲ್ಲ ಭಾರವನ್ನೂ ಹುಡುಗಿಯ ಧೈರ್ಯದ ಮೇಲೆ ಹಾಕಿ ನಾವು ದೊಡ್ಡವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಅವಳಿಗೋಸ್ಕರ ವಾರದಲ್ಲಿ ಕೆಲವು ದಿನ ಅಭ್ಯಾಸವನ್ನು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟೆವು. ತಮ್ಮನನ್ನು ಕರೆದುಕೊಂಡು ಬರುತ್ತಾಳೆ, ಅವನು ಗೆರೆಯ ಆಚೆ ಕೂತು ಮರಳಲ್ಲಿ ಆಡುತ್ತಾನೆ. ಎಲ್ಲ ದಿನ ಬರಲು ಆಗುವುದಿಲ್ಲ. ಬಂದ ದಿನ ಅವಳನ್ನು ಹಿಡಿಯುವುದು ಯಾರಿಗೂ ಆಗುವುದಿಲ್ಲ.

ಇನ್ನೊಂದು ನಡೆಯಿತು, ಇದರಲ್ಲಿ ನನ್ನ ಪಾತ್ರ ಏನೂ ಇಲ್ಲ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಬಹಳ ದಿನದಿಂದ ಹಾಗೇ ಇತ್ತು. ತಂಡದ ಮೂವರು ಸೇರಿ ಅರ್ಜಿ ಬರೆದು, ನನಗೆ ತಿಳಿಸದೆ, ನೇರವಾಗಿ ಎಸ್‌ಡಿಎಂಸಿ ಸಭೆಯ ದಿನ ಒಳಗೆ ಹೋಗಿ ಓದಿದರು. ಊರಿನ ಹಿರಿಯರೆಲ್ಲ ಕೂತಿದ್ದ ಸಭೆ ಅದು. ಓದಿದವಳು ಯಾರು ಅಂದರೆ, ಹಾಜರಿ ಕೂಗಿದಾಗ ಸದ್ದು ಬಾರದ ಅದೇ ಹುಡುಗಿ. ಆ ವಾರವೇ ಚಿಲಕ ಬಂತು.

ನಿಮ್ಮ ಶಾಲೆಯಲ್ಲೂ ಇಂಥದ್ದು ಶುರು ಮಾಡಬೇಕು ಅಂತಿದ್ದರೆ ತಂಡ ಆಯ್ಕೆ ಮಾಡಲು ಆತುರ ಪಡಬೇಡಿ. ಮೊದಲ ತಿಂಗಳು ಯಾರು ಬಂದರೂ ಸೇರಿಸಿಕೊಳ್ಳಿ. ಚೆನ್ನಾಗಿ ಓಡುವವರನ್ನು ಮಾತ್ರ ಹೆಕ್ಕಿದರೆ ನಿಜವಾಗಿ ಈ ಆಟ ಬೇಕಾಗಿರುವ ಹುಡುಗಿ ಮತ್ತೆ ಮರದ ಕೆಳಗೆ ಹೋಗಿ ಕೂರುತ್ತಾಳೆ. ಅಳುವವರನ್ನು ಬೇಗ ಸಮಾಧಾನ ಮಾಡಲು ಹೋಗಬೇಡಿ. ಗಾಯಕ್ಕೆ ಹಚ್ಚಲು ಔಷಧಿ ಡಬ್ಬಿ, ಕುಡಿಯಲು ನೀರು, ಒಂದು ಸ್ಟಾಪ್‌ವಾಚ್ ಕೈಯಲ್ಲಿರಲಿ. ಗೆಲುವಿನ ಫೋಟೋ ತೆಗೆದು ಹಾಕುವ ಹಾಗೆ ಸೋತ ದಿನದ ಫೋಟೋವನ್ನೂ ಹಾಕಿ, ನಮ್ಮ ಸ್ಟಾಫ್ ರೂಮಿನ ಗೋಡೆಯಲ್ಲಿ ಎರಡೂ ಇವೆ.

ಈ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸಬರು ಬಂದಿದ್ದಾರೆ. ಅವರಿಗೆ ಕೂಗುವುದು ಕಲಿಸುತ್ತಿರುವುದು ಹತ್ತನೇ ಕ್ಲಾಸಿನ ಹುಡುಗಿಯರು, ನಾನು ದೂರದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ತಿದ್ದುತ್ತೇನೆ. ಆಡುವವರು ಜಾಸ್ತಿ ಆಗಿದ್ದಾರೆ, ಒಂದು ಅಂಗಳ ಸಾಲುತ್ತಿಲ್ಲ. ಪಕ್ಕದಲ್ಲೇ ಇನ್ನೊಂದು ಅಂಗಳ ಮಾಡಿಕೊಡಿ ಅಂತ ಹುಡುಗಿಯರೇ ಪಂಚಾಯಿತಿಗೆ ಅರ್ಜಿ ಬರೆದಿದ್ದಾರೆ. ಜಾಗ ಅಳೆದಾಗಿದೆ, ಕಂಬ ಬರಬೇಕು ಅಷ್ಟೇ.